ಅವ್ವ ಎತ್ತಿದ ಸೊಲ್ಲು

ಆ ಸಿ.ಡಿ. ಈಗಲೂ ನನ್ನ ಮನೆಯಲ್ಲಿದೆ. ಕೇಳುವುದಕ್ಕೆಂದು ಇಟ್ಟುಕೊಂಡಿಲ್ಲ. ಬಿಸಾಕಿದರೆ ಸಿಟ್ಟು ಕಡಿಮೆಯಾದೀತೆಂಬ ಹೆದರಿಕೆಗೆ ಇಟ್ಟುಕೊಂಡಿದ್ದೇನೆ. ಹೊದಿಕೆಯ ಮೇಲೆ ಕೀಬೋರ್ಡಿನ ಮುಂದೆ ಕುಳಿತ ಒಬ್ಬ ಮನುಷ್ಯನ ಫೋಟೊ. ಗಲ್ಲಕ್ಕೆ ಕೈ, ಕಣ್ಣು ಆಕಾಶದ ಕಡೆಗೆ. ತಲೆಯ ಮೇಲೆ ತಂಡದ ಹೆಸರು, 'ಆಯ್ದ ಹಾಡುಗಳು' ಎಂಬ ದಪ್ಪ ಅಕ್ಷರ. ಹಿಂದೆ ತಿರುಗಿಸಿದರೆ ಸಾಹಿತ್ಯ ಅವನದು, ಸಂಗೀತ ಅವನದು, ಗಾಯನ ಅವನದು, ಪರಿಕಲ್ಪನೆಯಂತೆ, ಅದೂ ಅವನದೇ. ಎಲ್ಲಕ್ಕಿಂತ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ, 'ಮತ್ತು ಸಂಗಡಿಗರು'. ಅರ್ಧಕ್ಕರ್ಧ ಹಾಡು ಹಾಡಿದವಳು ನಾನು. ಸಂಗಡಿಗರು ಎಂದರೆ ನಾನು.

ಹಾಗಾಗಿ ನಾನೂ ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಬಿಡುವ ವಿದ್ಯೆಯನ್ನು ಅವನಿಂದಲೇ ಕಲಿತಿದ್ದೇನೆ. ನಾವು ಬೆನ್ನ ಹಿಂದೆ ಅವನನ್ನು ಧಣಿ ಎನ್ನುತ್ತಿದ್ದೆವು, ಇಲ್ಲಿಯೂ ಅಷ್ಟೇ ಸಾಕು.

ತೊಂಬತ್ತರ ದಶಕದ ನಡುಭಾಗ. ನಾನು ಕೊಟ್ಟೂರಿನ ಕಾಲೇಜಿನಲ್ಲಿ ಓದುತ್ತಿದ್ದೆ. ಕಾಲೇಜಿನ ಗ್ಯಾದರಿಂಗಿಗೆ ಹರಪನಹಳ್ಳಿಯಿಂದ ಒಬ್ಬ ಕೀಬೋರ್ಡ್ ಹೊತ್ತುಕೊಂಡು ಬಂದ. ಅವನ ಜೊತೆ ಇಬ್ಬರು: ಗಿಟಾರಿನವನು ಹಡಗಲಿ ತಾಲ್ಲೂಕಿನ ಇಟ್ಟಿಗಿಯವನು, ಪ್ಯಾಡ್ ಬಾರಿಸುವವನು ಕೂಡ್ಲಿಗಿಯವನು. ನಾನು ಆ ದಿನ ನಾನೇ ಕಟ್ಟಿದ ಒಂದು ಹಾಡು ಹಾಡಿದೆ. ಧಣಿ ಸ್ಟೇಜಿನ ಹಿಂದೆ ಬಂದು, "ತಂಗೀ, ನಿನ್ನ ಗಂಟಲಲ್ಲಿ ಏನೋ ಐತೆ ಕಣಮ್ಮ. ನಮ್ಮ ಜೊತೆ ಬಾ. ಸಿನಿಮಾ ಹಾಡು ಹಾಡಲ್ಲ, ನಮ್ಮವೇ ಹಾಡು ಮಾಡೋಣ" ಎಂದ. ನಮ್ಮವೇ ಎಂಬ ಮಾತಿಗೆ ಮರುಳಾದೆ. ಅವನ ವ್ಯಾಕರಣದಲ್ಲಿ ನಮ್ಮವು ಎಂದರೆ ಅವನವು ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ನಮ್ಮದು ಒಂದು ವಿಚಿತ್ರ ತಂಡ. ಭಾವಗೀತೆ ಹಾಡುತ್ತಿರಲಿಲ್ಲ, ಭಜನೆ ಇಲ್ಲ, ಸಿನಿಮಾ ಇಲ್ಲ. ಬಸ್ಸು, ಐಸ್ ಕ್ಯಾಂಡಿ, ಪರೀಕ್ಷೆಯಲ್ಲಿ ಫೇಲಾದವನು, ಹಂಪಸಾಗರದ ಹಿನ್ನೀರಿನ ಗಾಳಿ, ಇಂಥವುಗಳ ಮೇಲೆ ಹಾಡು. ಗಣಪತಿ ಪೆಂಡಾಲಿನಲ್ಲಿ ಹಾಡಲು ನಿಂತರೆ ಜನ ಚೀಟಿಯಲ್ಲಿ ಸಿನಿಮಾ ಹಾಡು ಬರೆದು ಕಳಿಸುವರು. ಧಣಿ ಆ ಚೀಟಿಗಳನ್ನು ಮುದುಡಿ ಜೇಬಿಗಿಟ್ಟುಕೊಳ್ಳುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಂಡವರೂ ಇದ್ದರು. ಆ ಒಂದು ಹಟಕ್ಕೆ ಮಾತ್ರ ಅವನನ್ನು ಮೆಚ್ಚುತ್ತಿದ್ದೆ. ಮೆಚ್ಚಿದ್ದನ್ನು ಈಗ ವಾಪಸು ತೆಗೆದುಕೊಳ್ಳಲಾಗುವುದಿಲ್ಲ, ಅದೇ ಬೇಜಾರು.

ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದ. ಅವ್ವ ಹೊಲಗಳಿಗೆ ಕೂಲಿಗೆ ಹೋಗುವಳು, ಬಿಡುವಿನಲ್ಲಿ ಹಳೆಯ ಸೀರೆ ಸೇರಿಸಿ ಹೊದೆಯುವ ಕೌದಿ ಹೊಲಿಯುವಳು. ಮೂರು ಮಂದಿ ಗಂಡುಹುಡುಗರ ನಡುವೆ ಮಗಳು ಹಾಡಲು ಹೋಗುವುದೆಂದರೆ ಓಣಿಗೆ ಓಣಿಯೇ ಬಾಯಿ ತೆಗೆಯುವ ವಿಷಯ. ಅವ್ವ ಬೇಡ ಎನ್ನಲಿಲ್ಲ. "ನೀ ಹೋಗು, ನಾನೂ ಬಂದು ಕುಂದಿರ್ತೀನಿ. ಮಾತಾಡೋರು ನನ್ನ ಮುಂದ ಮಾತಾಡ್ಲಿ" ಎಂದಳು. ಹಾಗೆ ಪ್ರತಿ ಭಾನುವಾರ ಕೊಟ್ಟೂರಿನ ಮಂಡಕ್ಕಿ ವ್ಯಾಪಾರಿಯೊಬ್ಬರ ಖಾಲಿ ಗೋದಾಮಿನಲ್ಲಿ ನಮ್ಮ ಪ್ರಾಕ್ಟೀಸು, ಮೂಲೆಯಲ್ಲಿ ಅವ್ವನ ಕೌದಿ. ತಲೆ ಎತ್ತುತ್ತಿರಲಿಲ್ಲ, ಸೂಜಿ ನಿಲ್ಲಿಸುತ್ತಿರಲಿಲ್ಲ. ಆದರೆ ನಮ್ಮ ಅಷ್ಟೂ ಹಾಡುಗಳು ಅವಳಿಗೆ ಬಾಯಿಪಾಠವಾಗಿದ್ದವು.

ಅವ್ವನೂ ಹಾಡುವವಳೇ. ನಮ್ಮ ಕಡೆ ಮದುವೆ ಮನೆಯಲ್ಲಿ ಅರಿಷಿಣ ಹಚ್ಚುವಾಗ, ಬೀಸುವಾಗ, ನೀರು ಹಾಕುವಾಗ ಹೆಂಗಸರ ಹಾಡಿಲ್ಲದೆ ಕೆಲಸ ಸಾಗುವುದಿಲ್ಲ. ಒಬ್ಬಳು ಸೊಲ್ಲು ಹೇಳಬೇಕು, ಅಂದರೆ ಹಾಡಿನ ಒಂದು ಸಾಲು. ಉಳಿದವರು ಅದೇ ಸಾಲನ್ನು ಎತ್ತಿಕೊಳ್ಳಬೇಕು. ಎತ್ತುವವರು ಸುಮ್ಮನಾದರೆ ಸೊಲ್ಲು ಕೆಳಗೆ ಬಿತ್ತು ಎನ್ನುತ್ತಾರೆ. ಅದು ಹಾಡುವವಳಿಗೆ ಅವಮಾನ, ಮನೆಗೆ ಅಶುಭ. ಸತ್ತ ಮನೆಯಲ್ಲಿ ಮಾತ್ರ ಹೆಂಗಸು ಒಬ್ಬಳೇ ಹಾಡಿಕೊಂಡು ಅಳುತ್ತಾಳೆ, ಅವಳ ಸಾಲನ್ನು ಯಾರೂ ಎತ್ತುವುದಿಲ್ಲ. "ಒಬ್ಬಾಕಿನ ಹಾಡಿದ್ರ ಅದು ಹಾಡಲ್ಲವ್ವ, ಅಳು" ಎಂದು ಅವ್ವ ಹೇಳುತ್ತಿದ್ದಳು. ಸುತ್ತಲಿನ ಓಣಿಗಳಲ್ಲಿ ಯಾವ ಮದುವೆಯಾದರೂ ಮೊದಲ ಸೊಲ್ಲು ಅವಳದೇ.

ನಮ್ಮ ಎರಡನೆಯ ಕ್ಯಾಸೆಟ್ಟಿನ ರೆಕಾರ್ಡಿಂಗು ಹರಪನಹಳ್ಳಿಯಲ್ಲಿ, ಒಂದು ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯಿತು. ಗೋಡೆಗೆಲ್ಲ ಗೋಣಿಚೀಲ ಬಡಿದಿದ್ದರು. ಫ್ಯಾನು ಹಾಕಿದರೆ ಸದ್ದು ಬರುತ್ತದೆಂದು ಬಂದ್. ಒಬ್ಬೊಬ್ಬರದು ಬೇರೆ ಬೇರೆ ರೆಕಾರ್ಡ್ ಮಾಡುವ ಸವಲತ್ತು ನಮಗೆಲ್ಲಿ? ಎಲ್ಲರೂ ಒಟ್ಟಿಗೆ ನುಡಿಸಬೇಕು, ಒಟ್ಟಿಗೆ ಹಾಡಬೇಕು, ತಪ್ಪಿದರೆ ಮೊದಲಿನಿಂದ. ಮಧ್ಯಾಹ್ನ ಕರೆಂಟು ಇರುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಬೇಕು. ಸೆಖೆಗೆ ಕೀಬೋರ್ಡಿನ ಮೇಲೆ ಧಣಿಯ ಬೆವರು ತೊಟ್ಟಿಕ್ಕುತ್ತಿತ್ತು. ಅವ್ವ ಬಾಗಿಲ ಪಕ್ಕ ನೆಲದ ಮೇಲೆ ಕುಳಿತಿದ್ದಳು.

ಕೊನೆಯ ಹಾಡು ನನ್ನದು, ನಮ್ಮ ಕಡೆಯ ಹಗರಿ ಹೊಳೆ ದಾಟುವ ಬಸ್ಸಿನ ಮೇಲೆ. ಸಾಲು ನನ್ನವು, ಧಾಟಿ ನನ್ನದು.

ಹಗರಿ ದಾಟಿ ಹೋದ ಬಸ್ಸು
ಹೊಳ್ಳಿ ನೋಡಲಿಲ್ಲ.

ಗೋದಾಮಿನಲ್ಲಿ ಇದನ್ನು ಪ್ರಾಕ್ಟೀಸ್ ಮಾಡುವಾಗ ನನ್ನ ಜೊತೆ ಗಿಟಾರಿನವನೂ ದನಿ ಕೂಡಿಸುತ್ತಿದ್ದ. ಅವತ್ತು ಧಣಿ ಯಾರನ್ನೂ ಕೇಳದೆ ಏರ್ಪಾಡು ಬದಲಿಸಿದ. ನಾನು ಒಬ್ಬಳೇ ಒಂದು ಸಾಲು ಹಾಡಬೇಕು, ಆಮೇಲೆ ಸ್ವಲ್ಪ ಹೊತ್ತು ಗಿಟಾರಿನ ಒಂದೆರಡು ತಂತಿ, ಮತ್ತೆ ನನ್ನ ಸಾಲು. ಶುರುವಾಯಿತು. ಮೊದಲ ಸಾಲು ಹಾಡಿ ನಿಂತೆ. ಗಿಟಾರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಬಾಗಿಲ ಕಡೆಯಿಂದ ಅವ್ವನ ದನಿ ಎದ್ದಿತು. ನನ್ನದೇ ಸಾಲು, ನನ್ನದೇ ಧಾಟಿ, ಒಂದು ಮಟ್ಟ ಕೆಳಗೆ, ಹೊಲದ ಮಣ್ಣು ಮೆತ್ತಿದ ದನಿ. ಮಗಳ ಸೊಲ್ಲು ಕೆಳಗೆ ಬೀಳುತ್ತಿದೆ, ಯಾರೂ ಎತ್ತುತ್ತಿಲ್ಲ, ಅವಳಿಗೆ ತಿಳಿದದ್ದು ಅಷ್ಟೇ. ಮೈಕು, ರೆಕಾರ್ಡಿಂಗು ಯಾವುದೂ ಅವಳ ತಲೆಗೆ ಬರಲಿಲ್ಲ. ಗಿಟಾರಿನವನು ಬೆರಗಾಗಿ ಕೈ ತಡೆದ. ಅದೇ ರೂಢಿಯಲ್ಲಿ ಬೆಳೆದ ನಾನು ಎರಡನೆಯ ಸಾಲು ಹೇಳಿದೆ. ಅವಳು ಅದನ್ನೂ ಎತ್ತಿದಳು. ಕರೆಂಟು ಹೋಗುವ ಹೊತ್ತಾಗಿದ್ದರಿಂದ ಧಣಿಗೆ ನಿಲ್ಲಿಸಿ ಮೊದಲಿನಿಂದ ಶುರುಮಾಡಲು ಆಗಲಿಲ್ಲ, ಕೊನೆಯವರೆಗೆ ಹಾಗೇ ಹೋಯಿತು. ಹಾಡು ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಆ ಕತ್ತಲ ಕೋಣೆಯಲ್ಲಿ ಧಣಿ ಎದ್ದು ನಿಂತ.

"ಏನಮ್ಮಾ, ಇದೇನು ಕಳೆ ಕೀಳೋ ಹೊಲ ಅನ್ಕಂಡಿದೀಯ? ಬಾಯಿ ಮುಚ್ಕಂಡು ಕುಂತ್ಕಳಾಕೆ ಬರಲ್ವ ನಿಂಗೆ?"

ಅವ್ವ ಸೆರಗನ್ನು ಬಾಯಿಗೆ ಹಿಡಿದು ಎದ್ದಳು. "ತಪ್ಪಾತಪ್ಪ. ಹುಡುಗಿ ಒಬ್ಬಾಕಿ ಆಗ್ಯಾಳಂತ ಎತ್ತಿದೆ."

"ಅಣ್ಣಾ, ಅವ್ವನ ಮ್ಯಾಲೆ ಯಾಕ ಒದರ್ತಿ? ಹಾಡು ಚಲೋ ಆಗೇತಿ" ಎಂದೆ ನಾನು.

"ನಿಂಗೇನು ಗೊತ್ತಾಗ್ತದೆ ಬಿಡು" ಎಂದು ನನ್ನನ್ನು ತಳ್ಳಿಹಾಕಿ, ಮತ್ತೆ ಅವ್ವನ ಕಡೆಗೇ ತಿರುಗಿದ. "ನಿನ್ನ ಮಗಳ ಹಾಡನ್ನ ನಿನ್ನ ಕೈಯಾರೆ ನೀನೇ ಕೆಡಿಸಿದೆ. ನೆಪ್ಪಿಟ್ಕ."

ನೆನಪಿಟ್ಟುಕೋ ಎಂದ. ಪಾಪ, ಅವಳು ವಿಧೇಯಳು. ಇಟ್ಟುಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊಟ್ಟೂರಿಗೆ ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. "ನಾ ಬರಬಾರದಿತ್ತು" ಎಂದಳು, ಅಷ್ಟೇ. ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಅವಳು "ಬೈಬ್ಯಾಡ, ಅವಂದೇನು ತಪ್ಪೈತಿ" ಎಂದಳು. ಮತ್ತೆ ಪ್ರಾಕ್ಟೀಸಿಗೆ ಬಂದರೂ ಗೋದಾಮಿನ ಒಳಗೆ ಬರುತ್ತಿರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕುಳಿತು ಹೊಲಿಯುತ್ತಿದ್ದಳು.

ಇನ್ನೊಂದು ಸಲ ರೆಕಾರ್ಡ್ ಮಾಡಲು ಕೋಣೆ ಸಿಗಲಿಲ್ಲ. ಕ್ಯಾಸೆಟ್ಟು ಹಾಗೆಯೇ ಹೊರಬಿತ್ತು. ಆಮೇಲೆ ಆದದ್ದರಿಂದ ಧಣಿಯ ಹೊಟ್ಟೆಗೆ ಬೆಂಕಿ ಇಟ್ಟಂತಾಯಿತು. ಜನ ಕೇಳಿದ್ದು ಅದೊಂದೇ ಹಾಡು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಹಾಕುತ್ತಿದ್ದರು, ಟೆಂಪೋದವರು ಹಾಕುತ್ತಿದ್ದರು. ನಾವು ಸ್ಟೇಜ್ ಹತ್ತಿದರೆ ಹೆಂಗಸರ ಕಡೆಯಿಂದ "ಅವ್ವ ಎತ್ತೋ ಹಾಡು, ಅವ್ವ ಎತ್ತೋ ಹಾಡು" ಎಂದು ಕೂಗು ಬರುತ್ತಿತ್ತು. ನಾನು ಒಂದು ಸಾಲು ಹಾಡಿದರೆ ಪೆಂಡಾಲಿಗೆ ಪೆಂಡಾಲೇ ಎತ್ತಿಕೊಳ್ಳುತ್ತಿತ್ತು. ಧಣಿ ಕೀಬೋರ್ಡಿನ ಹಿಂದೆ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದ. ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟಿದ್ದ ಅವ್ವನಿಗೆ ಇದನ್ನೆಲ್ಲ ಬಂದು ಹೇಳುತ್ತಿದ್ದೆ. ಅವಳು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತೀಯ ಎನ್ನುತ್ತಿದ್ದಳು. ಜನ ಹೊಗಳಿದ್ದು ಅವಳಿಗೆ ತಲುಪಲೇ ಇಲ್ಲ, ಒಬ್ಬ ಬೈದದ್ದು ಮಾತ್ರ ತಲುಪಿತು.

ಅದಾದ ಮೇಲೆ ಅವ್ವ ಮದುವೆಗಳಲ್ಲಿ ಸೊಲ್ಲು ಹೇಳುವುದನ್ನು ಬಿಟ್ಟಳು. ಕರೆಯಲು ಬಂದವರಿಗೆ ಗಂಟಲು ನೋವು ಎನ್ನುತ್ತಿದ್ದಳು. ಮೊದಮೊದಲು ಜನ ಒತ್ತಾಯ ಮಾಡಿದರು, ಆಮೇಲೆ ಬೇರೆಯವರನ್ನು ಕರೆದರು. ಅವಳು ಹಿಂದಿನ ಸಾಲಿನಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಎತ್ತುವವರ ಜೊತೆಗೂ ಬಾಯಿ ಕೂಡಿಸುತ್ತಿರಲಿಲ್ಲ.

ತಂಡ ಒಡೆಯಿತು. ದೊಡ್ಡ ಜಗಳವೇನೂ ಆಗಲಿಲ್ಲ. ಗಿಟಾರಿನವನು ಹೊಸಪೇಟೆ ಕಡೆ ಕೆಲಸಕ್ಕೆ ಹೋದ, ಪ್ಯಾಡಿನವನು ಬಸ್ ಕಂಡಕ್ಟರ್ ಆದ, ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಧಣಿ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಮಾಡಿದ. ಹೌದು, ಚೀಟಿ ಮುದುಡುತ್ತಿದ್ದ ಅದೇ ಮನುಷ್ಯ.

ಎರಡು ಸಾವಿರದ ನಂತರದ ವರ್ಷಗಳ ಮಾತು ಇನ್ನು. ನಾನು ಹಂಪಸಾಗರದ ಶಾಲೆಯಲ್ಲಿ ಪಾಠ ಮಾಡುತ್ತ ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದೆ. ಅವ್ವ ಕೊಟ್ಟೂರು ಬಿಟ್ಟು ಬರಲೊಲ್ಲೆ ಎಂದು ಅಲ್ಲೇ ಇದ್ದಳು. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಧಣಿ ಎದುರಾದ. ಹೊಟ್ಟೆ ಬಂದಿತ್ತು, ಕೂದಲಿಗೆ ಬಣ್ಣ ಬಂದಿತ್ತು. ಹಳೆಯ ಹಾಡುಗಳನ್ನೆಲ್ಲ ಆಯ್ದು ಸಿ.ಡಿ. ಮಾಡಿಸುತ್ತಿದ್ದಾನಂತೆ. ಹರಪನಹಳ್ಳಿಯಲ್ಲಿ ದೊಡ್ಡ ಬಿಡುಗಡೆ ಸಮಾರಂಭವಂತೆ.

"ನನ್ನ ಹತ್ರ ಇರೋ ಟೇಪಿಗೆಲ್ಲ ಬೂಷ್ಟು ಹಿಡಿದೈತೆ ತಂಗೀ. ನೀನು ಜೋಪಾನ ಮಾಡಿರ್ತೀಯ ಅಂತ ಗೊತ್ತು. ಆ ಎರಡನೇ ಕ್ಯಾಸೆಟ್ಟು ಕೊಡು."

ಕ್ಯಾಸೆಟ್ಟು ಕೊಟ್ಟೂರಿನ ಮನೆಯಲ್ಲಿತ್ತು. ನಾನು ಜೋಪಾನ ಮಾಡಿದ್ದು ಹಾಡಿಗಾಗಿ ಅಲ್ಲ. ಅಂದು ಮಾರಿದ ಕ್ಯಾಸೆಟ್ಟುಗಳು ಯಾರಲ್ಲೂ ಉಳಿದಿರಲಿಲ್ಲ, ಅವ್ವ ಹಾಡಿದ್ದು ಬೇರೆಲ್ಲೂ ಇಲ್ಲ. ಅವಳು ಬಾಯಿ ಮುಚ್ಚಿ ವರ್ಷಗಳಾಗಿದ್ದವು, ಅವಳ ದನಿ ಇದ್ದದ್ದು ಆ ಟೇಪಿನಲ್ಲಿ ಮಾತ್ರ. ಕೊಡುವುದಿಲ್ಲ ಎನ್ನಬೇಕೆಂದಿದ್ದವಳಿಗೆ ಇನ್ನೊಂದು ಯೋಚನೆ ಬಂತು. ಅದೇ ಹಾಡು ಸಿ.ಡಿ.ಯಾಗಿ, ಸಮಾರಂಭದಲ್ಲಿ ದೊಡ್ಡ ಸ್ಪೀಕರಿನಲ್ಲಿ, ನೂರಾರು ಜನರ ನಡುವೆ ಅವ್ವನ ಕಿವಿಗೆ ಬೀಳಬೇಕು. ಹೊದಿಕೆಯ ಮೇಲೆ ಅವಳ ಹೆಸರಿರಬೇಕು. ಆಗಲಾದರೂ ಅವನ ಮಾತು ಸುಳ್ಳೆಂದು ಅವಳಿಗೆ ಗೊತ್ತಾದೀತು, ಮತ್ತೆ ಒಂದು ಮದುವೆಯಲ್ಲಾದರೂ ಬಾಯಿ ತೆರೆದಾಳು. ನನಗೆ ಬೇಕಾದದ್ದು ಅದೊಂದೇ.

"ಕೊಡ್ತೀನಿ ಅಣ್ಣಾ. ಅವ್ವನ ದನಿ ಹೆಂಗೈತೋ ಹಂಗ ಇರಬೇಕು. ಆಕಿ ಹೆಸರು ಹಾಕಬೇಕು. ನನ್ನ ಹೆಸರು ಬಿಟ್ರೂ ಚಿಂತಿಲ್ಲ."

"ಅಯ್ಯೋ, ಅದೇ ಅಲ್ವೇನಮ್ಮ ನಮ್ಮ ಮಣ್ಣಿನ ಸೊಗಡು!" ಎಂದ. ಮಣ್ಣಿನ ಸೊಗಡು! ಅಂದು ಕಳೆ ಕೀಳುವ ಹೊಲವಾಗಿದ್ದದ್ದು ಇಂದು ಸೊಗಡಾಗಿತ್ತು. ಆದರೂ ನಂಬಿದೆ. ಅವ್ವನಿಗೆ ಪಕ್ಕದ ಮನೆಯ ಫೋನಿಗೆ ಕರೆ ಮಾಡಿ, ಇಂಥವನು ಬರುತ್ತಾನೆ, ಟ್ರಂಕಿನಲ್ಲಿರುವ ಕ್ಯಾಸೆಟ್ಟು ಕೊಟ್ಟು ಕಳಿಸು ಎಂದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಸಮಾರಂಭದ ದಿನ ಅವ್ವನನ್ನು ಕರೆದುಕೊಂಡು ಹರಪನಹಳ್ಳಿಗೆ ಹೋದೆ. ಅವಳು ಮದುವೆಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ನಮ್ಮ ತಂಡ ಬದುಕಿದ್ದಾಗ ಎಂದೂ ಅದರ ಕಾರ್ಯಕ್ರಮ ಕೇಳದ ಗಣ್ಯರೆಲ್ಲ ಸ್ಟೇಜಿನ ಮೇಲೆ ಕೂತಿದ್ದರು. ಸತ್ತ ತಂಡದ ತಿಥಿ, ವಡೆ ಎಲ್ಲ ಧಣಿಯ ಎಲೆಗೆ. ಅವನಿಗೆ ಶಾಲು, ಅವನಿಗೆ ಹಾರ, ಅವನಿಗೆ ಹಣ್ಣಿನ ಬುಟ್ಟಿ. ಗಿಟಾರಿನವನಿಗೂ ಪ್ಯಾಡಿನವನಿಗೂ ಕರೆಯೇ ಹೋಗಿರಲಿಲ್ಲ. ಒಬ್ಬರು ಭಾಷಣದಲ್ಲಿ ಅವನನ್ನು ಒಂಟಿ ಸಾಧಕ ಎಂದರು. ನಾನು ಗಟ್ಟಿಯಾಗಿ ನಕ್ಕೆ, ಮುಂದಿನ ಸಾಲಿನವರು ತಿರುಗಿ ನೋಡಿದರು.

ಆಮೇಲೆ ಹಾಡು ಹಾಕಿದರು. ಅವ್ವನ ಕೈ ಹಿಡಿದುಕೊಂಡೆ. ಸ್ಪೀಕರಿನಿಂದ ನನ್ನ ಹದಿಹರೆಯದ ದನಿ ಬಂತು. ಹಗರಿ ದಾಟಿ ಹೋದ ಬಸ್ಸು. ಅವ್ವನ ದನಿ ಬರಲಿಲ್ಲ. ಆ ಜಾಗದಲ್ಲಿ ಕಂಪ್ಯೂಟರಿನ ಕೊಳಲು ಪೀಪೀ ಎಂದಿತು. ಮತ್ತೆ ನನ್ನ ಸಾಲು, ಮತ್ತೆ ಕೊಳಲು. ಕೊನೆಯವರೆಗೂ ಕೊಳಲೇ. ಅವಳನ್ನು ಹಾಡಿನಿಂದ ಸಾಲುಸಾಲಾಗಿ ಕಿತ್ತುಹಾಕಿದ್ದರು. ಜನ ಚಪ್ಪಾಳೆ ತಟ್ಟಿದರು. ಅವ್ವನೂ ತಟ್ಟಿದಳು.

ಉಪ್ಪಿಟ್ಟು, ಚಾ ಕೊಡುವ ಕಡೆ ಧಣಿಯನ್ನು ಹಿಡಿದೆ. ಶಾಲಿನ ಅಂಚು ಹಿಡಿದೇ ಎಳೆದೆ, ಸುಳ್ಳೇಕೆ.

"ಅವ್ವನ ದನಿ ಎಲ್ಲಿ? ಮಾತು ಕೊಟ್ಟಿದ್ದಿಲ್ಲೇನು ನೀನು? ಆಕಿ ಹೆಸರು ಎಲ್ಲಿ?"

"ಸಂಗಡಿಗರು ಅಂತ ಹಾಕಿದೀನಲ್ಲಮ್ಮ, ಅದರಲ್ಲಿ ಎಲ್ಲರೂ ಬಂದಂಗಾಯ್ತಲ್ವ?"

"ದನಿ ಎಲ್ಲಿ ಅಂತ ಕೇಳಿದೆ."

ಅವನು ಶಾಲು ಸರಿಮಾಡಿಕೊಂಡ. ಆ ಮುಖದ ಮೇಲಿನ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ನಾನು ಇರಲಿ ಅಂತಲೇ ಇದ್ದೆ ತಂಗೀ. ತೆಗೆಸು ಅಂದಿದ್ದು ನಿಮ್ಮ ತಾಯೀನೇ. ಬೇಕಾದ್ರೆ ಕೇಳು."

ಸುಳ್ಳುಗಾರ ಎಂದು ಎಲ್ಲರೆದುರು ಒದರಿದೆ. ಅವನ ಮಾತನ್ನು ಸುಳ್ಳು ಮಾಡಿಸುವುದಕ್ಕೇ ಅವ್ವನ ಹತ್ತಿರ ಹೋದೆ. ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಆ ಸಿ.ಡಿ.ಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು.

"ಅವ್ವಾ, ಅಂವ ನಿನ್ನ ಸೊಲ್ಲು ಕಿತ್ತು ಒಗದಾನ."

"ಹೂಂ, ನಾನ ಹೇಳಿದ್ದೆ" ಎಂದಳು ಅವ್ವ. "ಕ್ಯಾಸೆಟ್ಟು ಒಯ್ಯಾಕ ಬಂದಿದ್ದನಲ್ಲ, ಚಾ ಮಾಡಿ ಕೊಟ್ಟು ಕೈ ಮುಗದು ಕೇಳಿಕೊಂಡೆ. ಯಪ್ಪಾ, ಅವತ್ತು ನನ್ನ ಮಗಳ ಹಾಡು ನಾನ ಕೆಡಿಸಿಬಿಟ್ಟೆ, ಈಗ ಕಂಪ್ಯೂಟರಾಗ ಏನ ಬೇಕಾದ್ರೂ ತಗೀತಾರಂತಲ್ಲ, ಅದೊಂದು ತಗಸಿಬಿಡು ಅಂದೆ. ಪುಣ್ಯಾತ್ಮ, ತಗಸ್ಯಾನ."

ಪುಣ್ಯಾತ್ಮ ಎಂದಳು. ಇಷ್ಟು ವರ್ಷ ಅವಳು ಆ ಮಾತನ್ನು ಎದೆಯಲ್ಲಿಟ್ಟುಕೊಂಡು, ಕೂಲಿಗೆ ಹೋಗಿ, ಕೌದಿ ಹೊಲಿದು, ನನ್ನ ಮುಂದೆ ನಗುತ್ತ ಇದ್ದಳು. ಕೊನೆಗೆ ಬೈದವನ ಮುಂದೆಯೇ ನಿಂತು, ನನ್ನನ್ನು ಅಳಿಸಿಹಾಕಪ್ಪ ಎಂದು ಕೈಮುಗಿದಿದ್ದಳು.

ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು ಕೇಳಿದೆ, "ಹಳೇ ಕ್ಯಾಸೆಟ್ಟು ಎಲ್ಲೈತಿ?"

"ಅಂವ ಹೊಳ್ಳಿ ಕೊಟ್ಟು ಹೋಗಿದ್ದ. ನಮ್ಮ ತುದಿಮನಿಯವ್ರು ಸೂರ್ಯಕಾಂತಿಗೆ ಗಿಣಿ ಬೀಳ್ತಾವಂತ ಟೇಪು ಕೇಳಾಕ ಬಂದಿದ್ರು. ಚಲೋದು ಬರ್ತೈತಲ್ಲ, ಇನ್ನ ಅದ್ಯಾಕ ಅಂತ ಕೊಟ್ಟೆ."

ನಮ್ಮ ಕಡೆ ಹಕ್ಕಿ ಹೆದರಿಸಲು ಹೊಲದಲ್ಲಿ ಗೂಟ ನೆಟ್ಟು ಕ್ಯಾಸೆಟ್ಟಿನ ಟೇಪನ್ನು ಕಟ್ಟುತ್ತಾರೆ. ಬಿಸಿಲಿಗೆ ಮಿರಿಮಿರಿ ಎನ್ನುತ್ತದೆ, ಗಾಳಿಗೆ ಗುಂಯ್‌ಗುಡುತ್ತದೆ. ಮರುದಿನ ಬೆಳಿಗ್ಗೆ ಆ ಹೊಲಕ್ಕೆ ಹೋದೆ. ಟೇಪು ಹುರಿಗೊಂಡು, ಅಲ್ಲಲ್ಲಿ ಹರಿದು, ಗಂಟು ಹಾಕಿಸಿಕೊಂಡಿತ್ತು. ಹೊಲದ ಯಜಮಾನಿ ನನ್ನನ್ನು ನೋಡಿ, "ನಿಮ್ಮವ್ವ ಕೊಟ್ಟಿದ್ದು, ಭಾಳ ಗಟ್ಟಿ ಐತಿ ನೋಡವ್ವ" ಎಂದಳು. ನಾನು ಬದುವಿನ ಮೇಲೆ ಕುಳಿತೆ. ಗಿಣಿಗಳು ಆಚೆ ಹೊಲದಲ್ಲಿ ತಿನ್ನುತ್ತಿದ್ದವು. ಟೇಪನ್ನು ಬಿಚ್ಚಿಕೊಂಡು ಹೋದರೂ ಯಾವ ಯಂತ್ರಕ್ಕೂ ಸೇರುವ ಹಾಗಿರಲಿಲ್ಲ.

ಸಂಜೆ ಅವ್ವ ಓಣಿಯ ಹೆಂಗಸರನ್ನೆಲ್ಲ ಪಕ್ಕದ ಮನೆಯಲ್ಲಿ ಕೂಡಿಸಿ ಟಿ.ವಿ.ಗೆ ಸಿ.ಡಿ. ಹಾಕಿಸಿದಳು. ನನ್ನ ಸಾಲು ಬಂತು, ಕೊಳಲು ಬಂತು. ಹಳೆಯ ಹಾಡು ಗೊತ್ತಿದ್ದ ಒಬ್ಬಾಕೆ, "ಯಕ್ಕಾ, ಇದರಾಗ ನೀನೂ ಇದ್ದೆಲ್ಲಾ?" ಎಂದು ಕೇಳಿದಳು.

"ಅದನ್ನ ತಗಸೀನಿ" ಎಂದಳು ಅವ್ವ ಹೆಮ್ಮೆಯಿಂದ. "ಈಗ ಒಂದೀಟೂ ತಪ್ಪಿಲ್ಲ ನೋಡ್ರೇ ನನ್ನ ಮಗಳ ಹಾಡಿನಾಗ."

ಅವಳ ಮುಖದಲ್ಲಿ ಅಷ್ಟು ನೆಮ್ಮದಿ ಕಂಡು ವರ್ಷಗಳಾಗಿದ್ದವು. ನಾನು ಎಷ್ಟು ಹೇಳಿದರೂ ಕೊಡಲಾಗದ ಆ ನೆಮ್ಮದಿಯನ್ನು ಅವನು ಕೊಟ್ಟಿದ್ದ. ಅವನು ಬೈದದ್ದನ್ನು ಎಂದಾದರೂ ಕ್ಷಮಿಸಿಯೇನು, ಇದನ್ನು ಕ್ಷಮಿಸುವುದಿಲ್ಲ.